ಕುರಿ ಔಷಧಿ ಹಾಕಿ ಪಫರ್ ಉಳಿಸಿದ್ದು

ನನ್ನ ಎರಡಡಿ ಟ್ಯಾಂಕಿನಲ್ಲಿ ಈಗ ಐದು ಪೀ ಪಫರ್ ಇವೆ, ಹೆದರಿದರೆ ಮೈ ಉಬ್ಬಿಸುವ ಒಂದಂಗುಲದ ಮೀನು. ಐದೂ ಹೊಟ್ಟೆ ತುಂಬಿಕೊಂಡು, ಬಟಾಣಿ ಕಾಳು ಅಂತ ಹೆಸರಿಟ್ಟಿದ್ದಕ್ಕೆ ಸರಿಯಾಗಿ ಗುಂಡಗೆ ತಿರುಗಾಡುತ್ತಿವೆ. ಜೂನ್‌ನಲ್ಲಿ ಇವನ್ನು ನೋಡಿದವರು ಯಾರೂ ಉಳಿಯುತ್ತವೆ ಅಂದಿರಲಿಲ್ಲ. ಧಾರವಾಡದಲ್ಲಿ ನನಗಿಂತ ಹದಿನೈದು ವರ್ಷ ಮೊದಲಿನಿಂದ ಮೀನು ಸಾಕಿದ ಹಿರಿಯರೊಬ್ಬರು ಮನೆಗೆ ಬಂದು ನೋಡಿ, "ತಮ್ಮಾ, ರೊಕ್ಕಾ ಹಾಕಬ್ಯಾಡ ಇವಕ್ಕ, ಹೋಗ್ತಾವ" ಅಂದು ಚಹಾ ಕುಡಿದು ಹೋಗಿದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ತಂದಿದ್ದು ಎಂಟು. ಒಂದಕ್ಕೆ 140 ರೂಪಾಯಿ ಅಂತ ನೆನಪು, ಒಟ್ಟು ಸಾವಿರದ ನೂರರ ಮೇಲೆ. ಕೇರಳದ ಹೊಳೆಯಲ್ಲಿ ಹಿಡಿದು, ಅಲ್ಲಿಂದ ಇಲ್ಲಿಗೆ ಎರಡು ಮೂರು ಕೈ ದಾಟಿ ಹುಬ್ಬಳ್ಳಿಗೆ ಬರುವ ಮೀನು ಇದು. 1941ರಲ್ಲಿ ಹೋರಾ ಮತ್ತು ನಾಯರ್ ಅನ್ನುವ ವಿಜ್ಞಾನಿಗಳು ಇದಕ್ಕೆ ಹೆಸರಿಟ್ಟಿದ್ದೂ ಆಗಿನ ತಿರುವಾಂಕೂರಿನ ಪಂಪಾ ನದಿಯ ಮೀನು ನೋಡಿಯೇ, ಅದಕ್ಕೇ ಶಾಸ್ತ್ರದ ಹೆಸರಿನಲ್ಲಿ ಟ್ರಾವಂಕೋರಿಕಸ್. ಪಶ್ಚಿಮ ಘಟ್ಟದ ಹೊಳೆ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅಂಥದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದು ಮೂರು ತಿಂಗಳಿಗೆ ಸಾಯಿಸುವುದು ನನಗೆ ಸಂಕಟ. ಅಂಗಡಿಯವರು ಮಾತ್ರ, "ಪಫರ್ ಅಂದ್ರ ಹಂಗ ಸರ, ಮೂರ ತಿಂಗಳ ಆಯುಷ್ಯ" ಅಂದುಬಿಟ್ಟರು. ಚೆನ್ನಾಗಿ ಸಾಕಿದರೆ ನಾಲ್ಕೈದು ವರ್ಷ ಬದುಕುವ ಮೀನು.

ಲಕ್ಷಣ ಹೀಗಿತ್ತು. ತಿನ್ನುತ್ತಿದ್ದವು, ಬಸವನಹುಳ ಹಾಕಿದರೆ ಮುಗಿಬಿದ್ದು ತಿನ್ನುತ್ತಿದ್ದವು. ಆದರೂ ಹೊಟ್ಟೆ ದಿನೇದಿನೇ ಒಳಗೆ. ಮೇಲಿನಿಂದ ನೋಡಿದರೆ ತಲೆ ದಪ್ಪ, ಹಿಂದೆಲ್ಲ ಕಡ್ಡಿ. ಕೆಳಗಿನಿಂದ ನೋಡಿದರೆ ಹೊಟ್ಟೆಯ ಅಂಚು ಈಳಿಗೆಯ ಬಾಯಿಯಷ್ಟು ಚೂಪು. ಬಿಳಿ ದಾರದಂಥ ಕಕ್ಕ. ಬಾಲ ಪಕ್ಕಕ್ಕೆ ಮಡಚಿಕೊಂಡು, ಮೈ ಕಪ್ಪಗೆ ಮಾಡಿಕೊಂಡು ಸ್ಪಂಜ್ ಫಿಲ್ಟರಿನ ಹಿಂದೆ ಅಡಗುತ್ತಿದ್ದವು. ಬರೀ ಒತ್ತಡಕ್ಕೆ ಕಪ್ಪಾದ ಮೀನು ಒಂದೆರಡು ದಿನಕ್ಕೆ ಬಣ್ಣ ತಿಳಿ ಮಾಡಿಕೊಳ್ಳುತ್ತದೆ. ಉಂಡೂ ಉಂಡೂ ಬತ್ತುವ ಮೀನಿನ ಹೊಟ್ಟೆಯಲ್ಲಿ ಹೆಚ್ಚಾಗಿ ಹುಳ ಇರುತ್ತದೆ. ಇದನ್ನು ಮೊದಲೇ ಗುರುತಿಸಿದ್ದರೆ ಎಂಟೂ ಉಳಿಯುತ್ತಿದ್ದವು.

ಮೊದಲು ಮಾಡಿದ್ದು ತಪ್ಪು. ಉಪ್ಪು ಹಾಕಿದೆ, ಏನೂ ಆಗಲಿಲ್ಲ. ಆಮೇಲೆ ನೀಲಿ ಔಷಧಿ, ಮೆಥಿಲೀನ್ ಬ್ಲೂ, ಅದನ್ನೂ ನೇರ ಟ್ಯಾಂಕಿಗೇ. ಮೀನಿನ ಹೊಲಸಿನಿಂದಾಗುವ ಅಮೋನಿಯಾ ವಿಷವನ್ನು ಕರಗಿಸುವ, ಸ್ಪಂಜಿನಲ್ಲಿದ್ದ ಬ್ಯಾಕ್ಟೀರಿಯಾ ಎಲ್ಲ ಹೋಯಿತು, ಮೂರನೇ ದಿನ ಅಮೋನಿಯಾ ಟೆಸ್ಟ್ ಹಸಿರಿಗೆ ತಿರುಗಿತು, ಎರಡು ಮೀನು ಸತ್ತವು. ಆ ಎರಡು ರೋಗದಿಂದ ಸಾಯಲಿಲ್ಲ, ನನ್ನ ಔಷಧಿಯಿಂದ ಸತ್ತವು. "ಎಲ್ಲಾ ರೋಗಕ್ಕೂ ಒಂದೇ" ಅಂತ ಕೊಟ್ಟ 280 ರೂಪಾಯಿಯ ಇನ್ನೊಂದು ಬಾಟಲಿ ಮನೆಗೆ ತಂದ ಮೇಲೆ ಲೇಬಲ್ ಓದಿದೆ: ತಾಮ್ರ. ಪಫರಿಗೆ ಮೈಮೇಲೆ ಹುರುಪೆ ಇಲ್ಲ, ತಾಮ್ರ ತಡೆದುಕೊಳ್ಳುವುದಿಲ್ಲ. ಅದನ್ನು ಮುಚ್ಚಳ ಸಹ ತೆಗೆಯದೆ ಇಟ್ಟಿದ್ದೇನೆ. ಬೆಳ್ಳುಳ್ಳಿ ರಸದಲ್ಲಿ ನೆನೆಸಿದ ಬ್ಲಡ್‌ವರ್ಮ್ ಕೊಟ್ಟೆ, ತಿಂದವು, ಬತ್ತುತ್ತಲೇ ಹೋದವು. ಮೂರನೆಯದು ಹೀಗೇ ಹೋಯಿತು.

ಬೇಕಾಗಿದ್ದು ಲೆವಮಿಸೋಲ್, ಕುರಿ ಆಡಿನ ಹೊಟ್ಟೆಹುಳಕ್ಕೆ ಕೊಡುವ ಔಷಧಿ. ನಮ್ಮ ಕಡೆ ಮೀನಿನ ಅಂಗಡಿಯಲ್ಲಿ ಸಿಗುವುದಿಲ್ಲ. ಆದರೆ ನಮ್ಮದು ಕುರಿ, ಆಡಿನ ಸೀಮೆ. ಅಮರಗೋಳದ ಎಪಿಎಂಸಿ ಕಡೆ ದನದ ಔಷಧಿ ಅಂಗಡಿಗೆ ಹೋಗಿ ಕೇಳಿದರೆ, "ಎಷ್ಟ ಕುರಿ ಅದಾವ್ರಿ?" ಅಂದರು. ಐದು ಮೀನು ಅಂದೆ. ಅವರು ಪಕ್ಕದವರ ಮುಖ ನೋಡಿದರು, "ಕುರಿ ಔಷಧ ಮೀನಕ್ಕ? ಸಾಯ್ತಾವ್ ನೋಡ್ರಿ ಅಣ್ಣಾರ" ಅಂತ ಹೇಳಿಯೇ ಪೊಟ್ಟಣ ಕೊಟ್ಟರು. ನೂರು ರೂಪಾಯಿಯ ಒಳಗೆ. ಅಷ್ಟರಲ್ಲಾಗಲೇ ಟೆಸ್ಟ್ ಕಿಟ್ಟು, ಬೇಡದ ಔಷಧಿ, ಬ್ಯಾಟರಿ ಏರ್ ಪಂಪು ಅಂತ ಐದು ಸಾವಿರ ದಾಟಿತ್ತು.

ಡೋಸ್ ಎಲ್ಲರಿಗೂ ಗೊತ್ತು, ಲೀಟರಿಗೆ 2 ಮಿಲಿಗ್ರಾಂ. ನನ್ನ ಟ್ಯಾಂಕು ಗಾಜಿನ ಲೆಕ್ಕಕ್ಕೆ 56 ಲೀಟರ್, ಮರಳು, ಕಲ್ಲು, ಮೇಲಿನ ಖಾಲಿ ಜಾಗ ಕಳೆದು ನೀರು 45. ಅಂದರೆ 90 ಮಿಲಿಗ್ರಾಂ. ಅಡುಗೆಮನೆಯ ತಕ್ಕಡಿಗೆ ಅದು ತಿಳಿಯುವುದಿಲ್ಲ. ಗೆಳೆಯ ಪತ್ತಾರ. ಅವನ ಅಂಗಡಿಗೆ ಹೋಗಿ ಬಂಗಾರ ತೂಗುವ ತಕ್ಕಡಿಯಲ್ಲಿ ಗಾಜಿನ ಪೆಟ್ಟಿಗೆ ಮುಚ್ಚಿ, ಫ್ಯಾನ್ ಬಂದ್ ಮಾಡಿಸಿ, ಕಾಗದದ ಮೇಲೆ ಸರಿಯಾಗಿ 90 ತೂಗಿದೆವು. ಕಾರಹುಣ್ಣಿಮೆ ಆಗಿ ಎರಡು ದಿನ. ಹಾಕಿದೆ. ಕಾದೆ. ಏನೂ ಬರಲಿಲ್ಲ. ಹತ್ತು ದಿನ ಬಿಟ್ಟು ನೋಡಿದರೂ ಹೊಟ್ಟೆ ಹಾಗೇ. ಧಾರವಾಡದ ಹಿರಿಯರು ಫೋನಿನಲ್ಲಿ, "ನಾ ಹೇಳಿದ್ನಿಲ್ಲೋ" ಅಂದರು. ನನಗೂ ಸಾಕಾಗಿತ್ತು.

ಪೊಟ್ಟಣ ಎತ್ತಿಡಲು ಹೋದಾಗ ಹಿಂಬದಿ ಕಣ್ಣಿಗೆ ಬಿತ್ತು: ಶೇಕಡಾ 30. ಹಾಕಿದ್ದ 90 ಮಿಲಿಗ್ರಾಂ ಪುಡಿಯಲ್ಲಿ ಔಷಧಿ ಇದ್ದದ್ದು 27. ಲೀಟರಿಗೆ 0.6 ಮಿಲಿಗ್ರಾಂ ಬಿದ್ದಿತ್ತು, ಬೇಕಾದ್ದರ ಮೂರನೇ ಒಂದು ಪಾಲೂ ಇಲ್ಲ. ಔಷಧಿ ಸೋತಿರಲಿಲ್ಲ, ಲೆಕ್ಕ ತಪ್ಪಿತ್ತು. ಲೆವಮಿಸೋಲ್ ಕೆಲಸ ಮಾಡಲಿಲ್ಲ ಅನ್ನುವವರೆಲ್ಲ ಮೊದಲು ಪೊಟ್ಟಣದ ಹಿಂದೆ ಎಷ್ಟು ಶೇಕಡಾ ಅಂತ ನೋಡಬೇಕು.

ಎರಡನೇ ಸಲ ದ್ರಾವಣ ಮಾಡಿಕೊಂಡೆ. 3.3 ಗ್ರಾಂ ಪುಡಿ, ಅಂದರೆ ಹೆಚ್ಚುಕಡಿಮೆ 1 ಗ್ರಾಂ ಔಷಧಿ, 500 ಮಿಲಿ ನೀರಿಗೆ. ಆಗ 1 ಮಿಲಿಯಲ್ಲಿ 2 ಮಿಲಿಗ್ರಾಂ. ಟ್ಯಾಂಕಿನಲ್ಲಿ ಎಷ್ಟು ಲೀಟರ್ ಇದೆಯೋ ಅಷ್ಟು ಮಿಲಿ ಸಿರಿಂಜಿನಲ್ಲಿ ಎಳೆದರೆ ಮುಗಿಯಿತು, ನನಗೆ 45. ಅವ್ವ ಆ ಬಾಟಲಿಯನ್ನು ಅಡುಗೆಮನೆಯ ಹೊಸ್ತಿಲು ದಾಟಿಸಲು ಬಿಡಲಿಲ್ಲ, ಅದು ಸರಿ. ಕೈಗೆ ಗ್ಲೌಸ್ ಹಾಕಿಕೊಂಡು ಹಿತ್ತಲಿನಲ್ಲೇ ಕಲಸಿದೆ, ಉಳಿದದ್ದನ್ನು ಅವತ್ತೇ ಚೆಲ್ಲಿದೆ.

ಹುಬ್ಬಳ್ಳಿಯವರಿಗೆ ನಿಜವಾದ ತೊಡಕು ನೀರು. ಈ ಔಷಧಿ ಹುಳವನ್ನು ಕೊಲ್ಲುವುದಿಲ್ಲ, ಲಕ್ವಾ ಹೊಡೆಸುತ್ತದೆ. ಹಿಡಿತ ಬಿಟ್ಟ ಹುಳ ಕಕ್ಕದ ಜೊತೆ ಹೊರಗೆ ಬೀಳುತ್ತದೆ. ಅದನ್ನು ತಳದಿಂದ ಎಳೆದು ಹಾಕದಿದ್ದರೆ ಮೀನು ಮತ್ತೆ ಅದನ್ನೇ ತಿನ್ನಬಹುದು. ಆದ್ದರಿಂದ 24 ತಾಸಿಗೆ ಅರ್ಧಕ್ಕಿಂತ ಹೆಚ್ಚು ನೀರು ಬದಲಾಯಿಸಲೇಬೇಕು, ಮಾರನೇ ದಿನ ಮತ್ತೆ. ನಮ್ಮ ಓಣಿಗೆ ಮಲಪ್ರಭೆಯ ನೀರು ಬರುವುದು ಆರು ದಿನಕ್ಕೊಮ್ಮೆ, ಒಮ್ಮೊಮ್ಮೆ ಎಂಟು. ಬಂದ ದಿನ ಕ್ಲೋರಿನ್ ವಾಸನೆ ಮೂಗಿಗೆ ಹೊಡೆಯುತ್ತದೆ. ಬೋರಿನ ನೀರು ಗಡಸು. ಹೊಸದಾಗಿ ಬೋರಿನ ನೀರಿಗೆ ಬದಲಾಯಿಸಿದರೆ ಬತ್ತಿದ ಮೀನು ಆ ಹೊಡೆತವನ್ನೇ ತಾಳುವುದಿಲ್ಲ. ಹಾಗಾಗಿ ಲೆಕ್ಕ ಹಿಂದಿನಿಂದ ಹಾಕಿದೆ. 200 ಲೀಟರಿನ ನೀಲಿ ಡ್ರಮ್ಮು ತಂದೆ, ಹಳೆಯದು, 700 ರೂಪಾಯಿ. ನೀರು ಬಂದ ದಿನ ತುಂಬಿಸಿ, ಎರಡು ದಿನ ಏರ್ ಸ್ಟೋನ್ ಬಿಟ್ಟು, ಮೂರನೇ ದಿನ ಔಷಧಿ, ನಾಲ್ಕು ಐದನೇ ದಿನ ನೀರು ಬದಲು, ಆರಕ್ಕೆ ಮತ್ತೆ ನಳ ಬಂದರೆ ಡ್ರಮ್ಮು ತುಂಬುತ್ತದೆ. ಟ್ಯಾಂಕರ್ ನೀರು ಮಾತ್ರ ಎಷ್ಟೇ ತುರ್ತಿದ್ದರೂ ಬೇಡ, ಎಲ್ಲಿಂದ ತುಂಬಿದ್ದೋ ಗೊತ್ತಾಗುವುದಿಲ್ಲ.

ನಾಗರಪಂಚಮಿಯ ಮರುದಿನ ಸಂಜೆ ಏಳಕ್ಕೆ ಹಾಕಿದೆ. ಈ ಔಷಧಿ ಬೆಳಕಿಗೆ ಕೆಡುತ್ತದೆ, ಟ್ಯಾಂಕಿಗೆ ಕತ್ತಲು ಬೇಕು. ಅವ್ವನ ಹಳೇ ಕೌದಿ ನಾಲ್ಕೂ ಕಡೆ ಹೊದಿಸಿದೆ. ಔಷಧಿಯನ್ನು ಹೀರಿಬಿಡುವ ಫಿಲ್ಟರಿನ ಇದ್ದಿಲು ಮೊದಲೇ ತೆಗೆದಿದ್ದೆ, ಏರ್ ಪಂಪು ಎರಡು. ರಾತ್ರಿ ಹನ್ನೆರಡರ ಸುಮಾರಿಗೆ ಕೌದಿಯ ಒಂದು ಮೂಲೆ ಎತ್ತಿ, ಮೊಬೈಲಿನ ಬೆಳಕಿಗೆ ಬೆರಳು ಅಡ್ಡ ಹಿಡಿದು ನೋಡಿದೆ. ದೊಡ್ಡ ಹೆಣ್ಣು ಮೀನು ಗಾಜಿಗೆ ಹತ್ತಿರ ನಿಂತಿತ್ತು. ಒಂದು ಕಣ್ಣು ನನ್ನ ಕಡೆ, ಇನ್ನೊಂದು ಮರಳಿನ ಕಡೆ. ಹಿಂದೆ ಗುದದ್ವಾರದಿಂದ ಕೂದಲಿಗಿಂತ ತುಸು ದಪ್ಪನೆಯ ದಾರ ಅರ್ಧ ಸೆಂಟಿಮೀಟರ್ ಇಳಿಬಿದ್ದಿತ್ತು, ನೀರಿನ ಗುಳ್ಳೆ ತಾಗಿದಾಗ ಮಾತ್ರ ಅಲ್ಲಾಡುತ್ತಿತ್ತು. ಅದು ಕಕ್ಕವಲ್ಲ. ಬೆಳಿಗ್ಗೆ ಪೈಪಿನಿಂದ ತಳ ಎಳೆದು ಬಿಳಿ ಪಿಂಗಾಣಿ ತಾಟಿಗೆ ಬಿಟ್ಟು, ಪತ್ತಾರ ಗೆಳೆಯನ ಕಣ್ಣಿಗೆ ಹಚ್ಚುವ ಭೂತಗನ್ನಡಿಯಲ್ಲಿ ನೋಡಿದೆ. ಎರಡೂ ತುದಿ ಚೂಪು, ನಡುವೆ ಒಂದೇ ದಪ್ಪ. ಒಟ್ಟು ಹದಿನಾಲ್ಕೋ ಹದಿನೈದೋ. ಇಷ್ಟು ಹುಳ ಇಟ್ಟುಕೊಂಡು ಒಂದಂಗುಲದ ಮೀನು ಹೇಗೆ ಬದುಕಿತ್ತೋ. ಫೋಟೋ ತೆಗೆದು ಧಾರವಾಡಕ್ಕೆ ಕಳಿಸಿದೆ. ಹತ್ತು ನಿಮಿಷದಲ್ಲಿ ಫೋನ್ ಬಂತು, "ಆ ಪುಡಿ ಎಲ್ಲಿ ತಗೊಂಡಿಪಾ?"

ಮೊಟ್ಟೆ ಉಳಿದಿರುತ್ತವೆ, ಔಷಧಿ ಅವನ್ನು ಮುಟ್ಟುವುದಿಲ್ಲ. ಅದಕ್ಕೆ 18 ದಿನ ಬಿಟ್ಟು ಅದೇ ಡೋಸ್ ಮತ್ತೊಮ್ಮೆ, ಗಣೇಶನ ಹಬ್ಬಕ್ಕೆ ಹತ್ತು ದಿನ ಮುಂಚೆ. ಆ ಸಲ ತಾಟಿನಲ್ಲಿ ಎರಡೇ ದಾರ. ಟ್ಯಾಂಕಿನಲ್ಲಿದ್ದ ಬಸವನಹುಳಗಳಿಗೂ, ಫಿಲ್ಟರಿಗೂ ಎರಡೂ ಸಲ ಏನೂ ಆಗಲಿಲ್ಲ, ಅಮೋನಿಯಾ ಸೊನ್ನೆ. ಲಾಡಿಹುಳಕ್ಕೆ ಇದು ನಡೆಯುವುದಿಲ್ಲ, ಅದಕ್ಕೆ ಪ್ರಾಜಿಕ್ವಾಂಟೆಲ್ ಬೇಕು. ನನಗೆ ಆ ಖರ್ಚು ಬರಲಿಲ್ಲ.

ಊಟದ ವಿಷಯ. ಹುಳ ಬಿದ್ದ ಮೇಲೆ ಒಮ್ಮೆಗೇ ತುಂಬಾ ಹಾಕಬೇಡಿ, ದಿನಕ್ಕೆ ಮೂರು ಸಲ ಸ್ವಲ್ಪಸ್ವಲ್ಪ. ಅಂಗಡಿಯ ಟ್ಯೂಬಿಫೆಕ್ಸ್ ಬಂದ್ ಮಾಡಿದೆ, ಚರಂಡಿಯಿಂದ ಬರುವ ಹುಳ ಅದು, ನಮ್ಮ ರೋಗ ಅಲ್ಲಿಂದಲೇ ಹತ್ತಿರಬಹುದು ಅಂತ ನನ್ನ ಅನುಮಾನ. ಉಣಕಲ್ ಕೆರೆಯ ಬಸವನಹುಳವನ್ನೂ ತರುವುದಿಲ್ಲ. ಹೀರೇಕಾಯಿ ಸಿಪ್ಪೆ ಕುದಿಸಿ ಹಾಕಿದರೆ ಬಕೆಟ್ಟಿನಲ್ಲೇ ಬೇಕಾದಷ್ಟು ಮರಿ ಆಗುತ್ತವೆ. ಮೀನಿನ ಊಟಕ್ಕೆ ಸಾಕುವ ನೀರಿನ ಚಿಗಟ, ಡ್ಯಾಫ್ನಿಯಾಕ್ಕೆ ಜೋಳದ ಕಣಿಕೆ ನೆನೆಸಿದ ನೀರು ಕೊಟ್ಟು ನೋಡಿದೆ. ನಾಲ್ಕನೇ ದಿನ ಇಡೀ ಮಾಳಿಗೆ ನಾತ, ಡ್ಯಾಫ್ನಿಯಾ ಎಲ್ಲ ತಳಕ್ಕೆ. ಚಿಟಿಕೆ ಯೀಸ್ಟ್ ಸಾಕು. ಮಾಳಿಗೆ ಮೇಲೆ ಸೊಳ್ಳೆ ಮರಿಗೂ ಒಂದು ಬಕೆಟ್ ಇಟ್ಟಿದ್ದೆ. ಮೀನುಗಳಿಗೆ ಅದರಂಥ ಊಟ ಇನ್ನೊಂದಿಲ್ಲ. ಡೆಂಗಿ ಲಾರ್ವಾ ಸರ್ವೇಗೆ ಬಂದ ಆಶಾ ಕಾರ್ಯಕರ್ತೆ ನೋಡಿ, "ಅಣ್ಣಾ, ಓಣ್ಯಾಗ ಸಣ್ಣ ಸಣ್ಣ ಹುಡುಗ್ರ ಅದಾವ, ಚಲ್ರಿ ಇದನ್ನ" ಅಂದರು. ಅವರೆದುರೇ ಚೆಲ್ಲಿದೆ, ಮತ್ತೆ ಇಟ್ಟಿಲ್ಲ. ನಮ್ಮ ಮೀನಿಗೋಸ್ಕರ ಓಣಿಯ ಮಕ್ಕಳಿಗೆ ಜ್ವರ ಬರಬಾರದು. ಕಾಡುಬಾದಾಮಿಯ ಒಣ ಎಲೆ ಎರಡು ಹಾಕಿದ್ದರಿಂದ ಅಡಗುವುದು ಕಡಿಮೆಯಾಯಿತು. ನೀರು ಚಹಾದ ಬಣ್ಣ ಆಗುತ್ತದೆ, ಮನೆಯವಳಿಗೆ ಇಷ್ಟವಿಲ್ಲ, ಮೀನಿಗೆ ಇಷ್ಟ.

ಪೂರ್ತಿ ಊಟ ಬಿಟ್ಟ ಮೀನಿಗೆ ಮೊದಲ ತುತ್ತು ಹಿಡಿಸಲು ನಾನೊಂದು ಮಾಡುತ್ತೇನೆ. ಅದನ್ನು ಇನ್ನೂ ನಾಲ್ಕು ಮೀನಿನ ಮೇಲೆ ನೋಡಿ ಆಮೇಲೆ ಬರೆಯುತ್ತೇನೆ, ಸದ್ಯ ನನ್ನಲ್ಲೇ ಇರಲಿ. ಆದರೆ ಬಲೆಯ ವಿಷಯ ಬಚ್ಚಿಡುವುದಿಲ್ಲ. ಪಫರನ್ನು ಬಲೆಯಲ್ಲಿ ಮೇಲೆತ್ತಬೇಡಿ, ಹೆದರಿ ಗಾಳಿ ನುಂಗಿದರೆ ಹೊರಗೆ ಬಿಡಲು ಬಹಳ ಕಷ್ಟಪಡುತ್ತದೆ. ಸ್ಟೀಲ್ ಲೋಟ ನೀರಿನೊಳಗೇ ಮುಳುಗಿಸಿ, ನೀರಿನ ಸಮೇತ ಎತ್ತಿ. ಹೇಗೆ ಉಬ್ಬುತ್ತದೆ ತೋರಿಸು ಅಂತ ಬಂದ ನೆಂಟರ ಹುಡುಗರಿಗೆ ಗಾಜು ಬಡಿಯಲೂ ಬಿಡುವುದಿಲ್ಲ.

ಎರಡನೇ ಡೋಸ್ ಆದ ಎರಡು ವಾರಕ್ಕೆ ಹೊಟ್ಟೆಯ ಚೂಪು ಹೋಯಿತು, ದಸರಾ ಹೊತ್ತಿಗೆ ನಾಲ್ಕು ಮೀನು ಗುಂಡಗಾದವು. ಐದನೆಯದು, ಬಾಲದ ಹತ್ತಿರ ಚುಕ್ಕೆ ಕೂಡಿಕೊಂಡಿರುವ ಸಣ್ಣ ಗಂಡು, ಇನ್ನೂ ತುಸು ತೆಳ್ಳಗೇ ಇದೆ. ಅದಕ್ಕೆ ಬೆಳಿಗ್ಗೆ ಲೋಟದಲ್ಲಿ ಬೇರೆ ಮಾಡಿ ಸಾಸಿವೆಯಷ್ಟು ಸಣ್ಣ ಬಸವನಹುಳ ಎಂಟು ಹತ್ತು ತಿನ್ನಿಸಿ ಬಿಡುತ್ತೇನೆ. ಹೊಸ ಮೀನು ಬಂದರೆ ಈಗ ಮೂರು ವಾರ ಬೇರೆ ಡಬ್ಬಿಯಲ್ಲಿ, ಅಲ್ಲೇ ಔಷಧಿ. ಮೂರು ತಿಂಗಳ ಆಯುಷ್ಯ ಅಂದಿದ್ದ ಅಂಗಡಿಯವರೇ ಈಗ ಪಫರ್ ಒಯ್ದವರನ್ನು ನನ್ನ ಹತ್ತಿರ ಕಳಿಸುತ್ತಿದ್ದಾರೆ, ಏಳೆಂಟು ಜನ ಬಂದು ಹೋದರು.

ಪೊಟ್ಟಣದಲ್ಲಿ ಪುಡಿ ಇನ್ನೂ ಮುಕ್ಕಾಲು ಪಾಲು ಇದೆ, ಕತ್ತಲಲ್ಲಿ ಒಣ ಡಬ್ಬಿಯಲ್ಲಿ ಇಟ್ಟಿದ್ದೇನೆ. ಹುಬ್ಬಳ್ಳಿ ಧಾರವಾಡದವರು ಯಾರಿಗೆ ಬೇಕೋ ತೂಗಿ ಕೊಡುತ್ತೇನೆ, ರೊಕ್ಕ ಬೇಡ. ಬರುವ ಮೊದಲು ನಿಮ್ಮ ಟ್ಯಾಂಕಿನಲ್ಲಿ ನಿಜವಾಗಿ ಎಷ್ಟು ಲೀಟರ್ ನೀರಿದೆ ಅಂತ ಜಗ್ಗಿನಲ್ಲಿ ಅಳೆದುಕೊಂಡು ಬನ್ನಿ, ನಿಮ್ಮ ಓಣಿಗೆ ಮುಂದಿನ ನೀರು ಯಾವತ್ತು ಅನ್ನುವುದನ್ನೂ ಕೇಳಿಕೊಂಡು ಬನ್ನಿ.