ಕನ್ನಡ ಬರಹವಿರುವ ಲೋಗೋ ಆಂಡ್ರಾಯ್ಡ್‌ಗೆ ತರುವ ಮುನ್ನ

ಗೆಳೆಯರೇ, ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಮಾಡಿದ ಎಸ್‌ವಿಜಿಯನ್ನು (ಗೆರೆ-ಆಕಾರಗಳ ಚಿತ್ರದ ಫೈಲ್) ಆಪ್ ತಯಾರಿಸುವ ಆಂಡ್ರಾಯ್ಡ್ ಸ್ಟುಡಿಯೋದ ವೆಕ್ಟರ್ ಅಸೆಟ್‌ ಸಾಧನದಲ್ಲಿ ಹಾಕಿ ಎಕ್ಸ್‌ಎಂಎಲ್ ಫೈಲ್ ಮಾಡುವವರಿಗೆ ಒಂದು ಮಾತು. ಹೀಗೆ ಸಿಗುವ ಆಂಡ್ರಾಯ್ಡ್ ಚಿತ್ರಕ್ಕೆ, ಅಂದರೆ ವೆಕ್ಟರ್ ಡ್ರಾಯಬಲ್‌ಗೆ, ಬೇಕಾದದ್ದು ಪಾತ್ (ಆಕಾರದ ಗೆರೆ), ಅಕ್ಷರ ಅಲ್ಲ. ಲೋಗೋದಲ್ಲಿ ಬರಹವನ್ನು ಹಾಗೇ ಬಿಟ್ಟರೆ ಆ ಕಡೆ ಅದು ಬರುವುದೇ ಇಲ್ಲ.

ಮೊದಲು ಫೈಲ್‌ನ ಇನ್ನೊಂದು ಪ್ರತಿ ತೆಗೆದಿಡಿ, ಪಾತ್ ಆದ ಮೇಲೆ ಬರಹ ತಿದ್ದಲು ಆಗುವುದಿಲ್ಲ. ಬರಹ ಆಯ್ದು ‘ಆಬ್ಜೆಕ್ಟ್ ಟು ಪಾತ್’ ಕೊಡಿ. ಅಕ್ಷರಗಳೆಲ್ಲ ಒಂದು ಗ್ರೂಪ್ ಆಗಿ ಬರುತ್ತವೆ. ಅನ್‌ಗ್ರೂಪ್ ಮಾಡಿ ‘ಯೂನಿಯನ್’ ಕೊಡಿ. ದಯವಿಟ್ಟು ‘ಕಂಬೈನ್’ ಬೇಡ. ನಾನು ಒಮ್ಮೆ ‘ಅಮ್ಮ’ ಅಂತ ಬರೆದು ಅದನ್ನೇ ಒತ್ತಿದ್ದೆ. ಮಕಾರಕ್ಕೆ ಒತ್ತು ತಾಗುವ ಜಾಗದಲ್ಲಿ ಸಣ್ಣ ಬಿಳಿ ತೂತು ಬಿದ್ದಿತ್ತು! ಎರಡು ಆಕಾರ ಒಂದರ ಮೇಲೊಂದು ಕೂತಾಗ ಹೀಗಾಗುತ್ತದೆ. ನಮ್ಮ ಒತ್ತಕ್ಷರಗಳಲ್ಲಿ ಅದು ಜಾಸ್ತಿ ಅಲ್ವಾ?

ಕಂಟ್ರೋಲ್, ಶಿಫ್ಟ್, ಆರ್ ಒಟ್ಟಿಗೆ ಒತ್ತಿ ಪುಟವನ್ನು ಚಿತ್ರದ ಅಳತೆಗೆ ತನ್ನಿ, ‘ಪ್ಲೇನ್ ಎಸ್‌ವಿಜಿ’ ಆಗಿ ಸೇವ್ ಮಾಡಿ. ಇಲ್ಲದಿದ್ದರೆ ಇಡೀ ಎ4 ಪುಟವೇ ವ್ಯೂಪೋರ್ಟ್ (ಚಿತ್ರದ ಚೌಕಟ್ಟು) ಆಗಿ, ಲೋಗೋ ಮೂಲೆಯಲ್ಲಿ ಚುಕ್ಕಿಯ ಹಾಗೆ ಕಾಣುತ್ತದೆ. ಬ್ಲರ್ ಹಾಕಿದ್ದರೆ ತೆಗೆದುಬಿಡಿ, ಅದೂ ಬರುವುದಿಲ್ಲ. ಅಳತೆ 200 ಡಿಪಿ (ಆಂಡ್ರಾಯ್ಡ್ ಪರದೆಯ ಅಳತೆಯ ಮಾನ) ಒಳಗಿರಲಿ.