ಪ್ರಕಟಣೆ ಪುಸ್ತಕವನ್ನು ಮೊದಲ ಕೇಳುಗರ ಕೈಗೇ ಕೊಟ್ಟು ಓದಿದೆವು: ನನ್ನ ಅನುಭವ

ಸತ್ಯವೇದದ (ಬೈಬಲ್ಲಿನ) ಅಂತ್ಯಕಾಲದ ಪ್ರವಾದನೆಗಳಲ್ಲಿ ಬಹಳಷ್ಟು ಮೊದಲ ಶತಮಾನದಲ್ಲೇ ನೆರವೇರಿದವು, ಅವನ್ನು ಮೊದಲು ಕೇಳಿಸಿಕೊಂಡವರ ಜಾಗದಲ್ಲಿ ಕೂತೇ ಪಾಠ ಮಾಡಬೇಕು ಎಂದು ನಾನು ಹೊರಟಾಗ, ಹುಬ್ಬಳ್ಳಿ-ಧಾರವಾಡದ ಕಡೆ ಸತ್ಯವೇದ ಪಾಠ ನಡೆಸುವವರಲ್ಲಿ ಹೂಂ ಅಂದವರು ಇಬ್ಬರೋ ಮೂವರೋ. "ಎಲ್ಲಾ ಅವರಿಗೇ ಹೇಳಿದ್ದು ಅಂದ್ರ ನಮಗೇನು ಉಳೀತು? ಜನ ಸಭೆ ಬಿಟ್ಟು ಹೋಗ್ತಾರ ನೋಡ್ರಿ" ಎಂದು ಹಿರಿಯ ಪಾಸ್ಟರ್ ಅಯ್ಯನವರೊಬ್ಬರು ಮುಖಕ್ಕೆ ಹೇಳಿದ್ದರು. ಈಗ ನಮ್ಮ ಗುಂಪು ಮಾರ್ಕ 13, ದಾನಿಯೇಲನ ದರ್ಶನಗಳು, ಸತ್ಯವೇದದ ಕೊನೆಯ ಪುಸ್ತಕವಾದ ಪ್ರಕಟಣೆಯ 22 ಅಧ್ಯಾಯ, ಮೂರನ್ನೂ ಮುಗಿಸಿದೆ. ಹದಿನೈದು ಜನರಿಂದ ಶುರುವಾದದ್ದು ಮೂವತ್ತು ದಾಟಿದೆ. ಅದೇ ಅಯ್ಯನವರು ಹೋದ ವರ್ಷ ತಮ್ಮ ಸಭೆಯ ಯೌವನಸ್ಥರಿಗೆ ಪಾಠ ಮಾಡಲು ನನ್ನನ್ನೇ ಕರೆದರು. ಈ ಮಾತುಗಳೆಲ್ಲ ಇನ್ನು ಮುಂದೆ ಬರಲಿರುವ ಏಳು ವರ್ಷದ ಮಹಾ ಸಂಕಟದ ಬಗ್ಗೆ ಎಂದು ಡಾರ್ಬಿ, ಸ್ಕೋಫೀಲ್ಡ್ ಎಂಬ ಬೋಧಕರು ಹರಡಿದ ಪಾಠ ನಿಮಗೆ ಗೊತ್ತಿರಬಹುದು. ಆ ವಿಚಾರ ಬಿಟ್ಟು ಕೆಲಸದ ಮಾತಿಗೆ ಬರುತ್ತೇನೆ.

ಮೊದಲ ಸಲ ಹತ್ತಡಿಯ ಫ್ಲೆಕ್ಸ್ ಮಾಡಿಸಿದೆ. ಅದರಲ್ಲಿ ಕ್ರಿಸ್ತಶಕ 30ರಿಂದ 100ರ ತನಕ ಗೆರೆ ಎಳೆದು, ಯಾವ ಮಾತು ಯಾವಾಗ ನೆರವೇರಿತು ಎಂದು ಬಣ್ಣಬಣ್ಣದಲ್ಲಿ ಗುರುತು ಹಾಕಿಸಿದ್ದೆ. ಎರಡೂವರೆ ಸಾವಿರ ರೂಪಾಯಿ ಹೋಯಿತು. ಜನ ಬಂದು ನಿಂತು ಕೇಳಿದ್ದು ಒಂದೇ ಪ್ರಶ್ನೆ: "ಇದರಾಗ ನಾವು ಎಲ್ಲಿದ್ದೀವಿ?" ಚಾರ್ಟು ಕಂಡರೆ ಸಾಕು, ಕಣ್ಣು ತನ್ನ ಜಾಗವನ್ನೇ ಹುಡುಕುತ್ತದೆ. ಎರಡನೆಯ ಸಲ ಮೃಗದ ಮತ್ತು ಅದರ 666 ಎಂಬ ಅಂಕಿಯ ಮಾತಿರುವ ಪ್ರಕಟಣೆ 13ಕ್ಕೇ ನೇರವಾಗಿ ಕೈಹಾಕಿದೆ. ಹತ್ತು ನಿಮಿಷದೊಳಗೆ ಮಾತು ಬಾರ್‌ಕೋಡು, ಆಧಾರ್, ಲಸಿಕೆಗೆ ಹೊರಳಿತು, ಆ ರಾತ್ರಿ ಹಿಂದಕ್ಕೆ ಬರಲೇ ಇಲ್ಲ. ಮೂರನೆಯ ಸಲ ಯೆಹೂದಿ ಇತಿಹಾಸಕಾರ ಜೋಸೀಫಸ್‌ನಿಂದ ಶುರುಮಾಡಿದೆ. ಕ್ರಿಸ್ತಶಕ 70ರಲ್ಲಿ ರೋಮಿನವರು ಯೆರೂಸಲೇಮಿಗೆ ಹಾಕಿದ ಮುತ್ತಿಗೆಯ ಹಸಿವು, ತಾಯಿಯೇ ಮಗುವನ್ನು ಕೊಂದು ತಿಂದ ಆ ಭಾಗ ಓದಿದ ಮೇಲೆ ಹೆಂಗಸರು ಅತ್ತರು, ಇಬ್ಬರು ಎದ್ದು ಹೋದರು. ಸುವಾರ್ತೆ ತೆರೆಯಲು ಯಾರಿಗೂ ಮನಸ್ಸಿರಲಿಲ್ಲ.

ಹಣದ ಕಷ್ಟ ಬೇರೆ. ಜೋಸೀಫಸ್‌ನ ಹಳೆಯ ಇಂಗ್ಲಿಷ್ ಅನುವಾದ ಪುಕ್ಕಟೆ ಸಿಗುತ್ತದೆ, ಆದರೆ ಅದನ್ನು ನಮ್ಮ ಜನರ ಮುಂದೆ ಇಟ್ಟು ಏನು ಮಾಡುವುದು? ಬೇಕಾದ ಭಾಗಗಳನ್ನು ಕನ್ನಡಕ್ಕೆ ತಂದು, ಡಿಟಿಪಿ ಮಾಡಿಸಿ, ಸ್ಪೈರಲ್ ಹಾಕಿಸುವಷ್ಟರಲ್ಲಿ ಏಳೆಂಟು ಸಾವಿರ ಕರಗಿತು. ಬಾಡಿಗೆ ಹಾಲ್ ಬಿಟ್ಟು ಮನೆಗಳಲ್ಲಿ ಕೂಡಲು ಶುರುಮಾಡಿದ್ದು ಆಗಲೇ. ತಿಂಗಳಿಗೆ ಸಾವಿರ ಕೊಡುತ್ತಿದ್ದ ಒಬ್ಬರು, ಯೇಸುವಿನ ಎರಡನೇ ಬರೋಣವನ್ನೇ ನಾನು ಅಲ್ಲಗಳೆಯುತ್ತೇನೆ ಎಂಬ ಸುದ್ದಿ ಕೇಳಿ ನಿಲ್ಲಿಸಿಬಿಟ್ಟರು. ಮನೆಯ ಜಗಲಿಯಲ್ಲಿ ಚಹಾ-ಚುರುಮುರಿಯ ಖರ್ಚು ಬಿಟ್ಟರೆ ಬೇರೆ ಖರ್ಚಿಲ್ಲ. ಪಾಠ ಗಟ್ಟಿಯಾದದ್ದೂ ಅಲ್ಲಿಯೇ.

ನಾಲ್ಕನೆಯ ಸಲ ನಿಯಮ ಮಾಡಿದೆ. ಅಧ್ಯಾಯವನ್ನು ಒಬ್ಬರು ಗಟ್ಟಿಯಾಗಿ ಓದಬೇಕು, ಉಳಿದವರು ಪುಸ್ತಕ ಮುಚ್ಚಿ ಕೇಳಬೇಕು. ಪ್ರಕಟಣೆ 1:3 ಹೇಳುವುದೂ ಓದುವವನ ಮತ್ತು ಕೇಳುವವರ ಧನ್ಯತೆಯನ್ನೇ. ಓದಿದ ಮೇಲೆ ಒಂದೇ ಪ್ರಶ್ನೆ: ಇದನ್ನು ಕೇಳಿದವರು ಮರುದಿನ ಬೆಳಿಗ್ಗೆ ಎದ್ದು ಏನು ಮಾಡಿರಬೇಕು? ಇಂದಿನ ಪೇಪರಿನ ಸುದ್ದಿ ಕೊನೆಯ ಹದಿನೈದು ನಿಮಿಷಕ್ಕೆ ಮೀಸಲು. ಇತಿಹಾಸದ ಹಾಳೆ ಹಂಚುವುದು ಚರ್ಚೆ ಮುಗಿದ ಮೇಲೆ, ಮೊದಲಲ್ಲ. ಜನರನ್ನು ಏಳು ಗುಂಪು ಮಾಡಿ ಕೂರಿಸುವ ಒಂದು ಕ್ರಮವೂ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬಂದು ಕೂತು ನೋಡಬೇಕು.

ಮಾರ್ಕ 13 ಓದಿದ ದಿನವೇ ಬೀಗ ತೆರೆಯಿತು. ಮಾಳಿಗೆಯ ಮೇಲಿದ್ದವನು ಕೆಳಗಿಳಿದು ಮನೆಯೊಳಗೆ ಹೋಗದಿರಲಿ ಎಂಬ ಮಾತು ಬಂದಾಗ, ನವಲಗುಂದ ಕಡೆಯ ಅವ್ವ ಒಬ್ಬರು ತಲೆಯೆತ್ತಿದರು. ಮಣ್ಣಿನ ಮಾಳಿಗೆಯ ಮನೆಯಲ್ಲಿ ಹುಟ್ಟಿ ಬೆಳೆದವರು, ಬೇಸಿಗೆಯಲ್ಲಿ ಮೇಲೆಯೇ ಮಲಗಿ ರೂಢಿ. "ಅಣ್ಣಾರ, ಮಾಳಿಗಿ ಮ್ಯಾಲಿಂದ ಹೊರಗಿನ ಮೆಟ್ಟಲಾ ಇಳದು ಓಣಿಗೆ ಓಡ್ರಿ, ಒಳಗ ಗಂಟು ತರಾಕ ಹೋಗಬ್ಯಾಡ್ರಿ ಅಂತಾನ ಸ್ವಾಮಿ. ಇದು ಆ ಊರವರಿಗೇ ಹೇಳಿದ್ದು." ನಾನು ಮೂರು ಸಲ ಸೋತ ಮಾತನ್ನು ಅವರು ಒಂದೇ ಉಸಿರಿಗೆ ಹೇಳಿ ಮುಗಿಸಿದರು. ಆಮೇಲೆ ಉಳಿದವರೂ ಹಿಡಿದರು. ಯೂದಾಯದಲ್ಲಿರುವವರು ಬೆಟ್ಟಗಳಿಗೆ ಓಡಲಿ. ಚಳಿಗಾಲದಲ್ಲಿ ಆಗದಂತೆ ಬೇಡಿಕೊಳ್ಳಿರಿ. ಮತ್ತಾಯನಲ್ಲಿ ಸಬ್ಬತ್ತಿನ ಮಾತೂ ಸೇರಿದೆ. ಲೋಕವೇ ಮುಗಿಯುವ ದಿನಕ್ಕೆ ಬೆಟ್ಟ ಏಕೆ ಬೇಕು, ಚಳಿಗಾಲವಾದರೇನು, ಬೇಸಿಗೆಯಾದರೇನು?

ಮೇಲಾಗಿ, ಯುದ್ಧ ಬಂದರೆ ಹಳ್ಳಿಯವರು ಕೋಟೆಯೊಳಗೆ ಓಡುವುದು ಎಲ್ಲ ಕಾಲದ ಪದ್ಧತಿ. ಯೇಸು ಹೇಳಿದ್ದು ತದ್ವಿರುದ್ಧ. ಯೆರೂಸಲೇಮಿಗೆ ದಂಡು ಮುತ್ತಿಗೆ ಹಾಕಿದ್ದು ಕಂಡಾಗ ಒಳಗಿರುವವರು ಹೊರಡಲಿ, ಹಳ್ಳಿಯವರು ಒಳಗೆ ಬರಬಾರದು ಎಂದು ಲೂಕ 21ರಲ್ಲಿದೆ. ಆಗ ನಾನು ಹಾಳೆ ಹಂಚಿದೆ. ಕ್ರಿಸ್ತಶಕ 66ರಲ್ಲಿ ಯೆಹೂದಿಗಳು ರೋಮಿನ ವಿರುದ್ಧ ದಂಗೆ ಎದ್ದಾಗ ಸಿರಿಯದ ರೋಮನ್ ಅಧಿಪತಿ ಸೆಸ್ಟಿಯಸ್ ಗಾಲಸ್ ದಂಡಿನೊಂದಿಗೆ ಯೆರೂಸಲೇಮಿನ ತನಕ ಬಂದು ಹಿಂತಿರುಗಿದ, ಬೇತ್‌ಹೋರೋನಿನ ಕಣಿವೆಯಲ್ಲಿ ಪೆಟ್ಟು ತಿಂದ. ಓಡುವವರಿಗೆ ಸಿಕ್ಕಿದ ಬಿಡುವು ಅದು. 70ರಲ್ಲಿ ಯೆಹೂದಿಗಳ ಪಸ್ಕ ಹಬ್ಬದ ಹೊತ್ತಿಗೆ ರೋಮಿನ ದಂಡನಾಯಕ ತೀತ ಬಂದು ಮುತ್ತಿದಾಗ ಊರು ಹಬ್ಬದ ಯಾತ್ರಿಕರಿಂದ ತುಂಬಿತ್ತು. ಆಗಸ್ಟಿನಲ್ಲಿ ದೇವಾಲಯ ಸುಟ್ಟಿತು, ಸೆಪ್ಟೆಂಬರಿನಲ್ಲಿ ಪಟ್ಟಣವೆಲ್ಲ ಬಿತ್ತು. ಸತ್ತವರು 11 ಲಕ್ಷ ಎನ್ನುತ್ತಾನೆ ಜೋಸೀಫಸ್. ಅಷ್ಟನ್ನು ವಿದ್ವಾಂಸರು ನಂಬುವುದಿಲ್ಲ, ನಾನೂ ಪಾಠದಲ್ಲಿ ಆ ಅಂಕಿಯನ್ನು ಬಳಸುವುದಿಲ್ಲ. ಯೆರೂಸಲೇಮಿನ ವಿಶ್ವಾಸಿಗಳು ಯೊರ್ದಾನಿನ ಆಚೆ ಪೆಲ್ಲ ಎಂಬ ಊರಿಗೆ ಹೋಗಿ ಬದುಕಿದರು ಎಂದು 4ನೇ ಶತಮಾನದ ಸಭಾಚರಿತ್ರೆಕಾರ ಯುಸೇಬಿಯಸ್ ಬರೆದಿದ್ದಾನೆ. ಕೆಲವರು ಇದನ್ನೂ ಸಂದೇಹಿಸುತ್ತಾರೆ, ನನಗಂತೂ ನಂಬಿಕೆಯಿದೆ. ಇದೆಲ್ಲ ಆಗುವ ತನಕ ಈ ಸಂತತಿ ಅಳಿದುಹೋಗುವುದಿಲ್ಲ ಎಂದು ಯೇಸು ಹೇಳಿದ ಮಾತಿಗೂ ಆ ಬೆಂಕಿಗೂ ನಡುವೆ ಸುಮಾರು 40 ವರ್ಷ.

ದೇವಾಲಯದ ಕಲ್ಲಿನ ಮೇಲೆ ಕಲ್ಲು ಉಳಿಯದು ಎಂದು ಯೇಸು ಅಂದ ಮೇಲೆ ಯೆರೂಸಲೇಮಿನ ಪಶ್ಚಿಮದ ಗೋಡೆ ಇನ್ನೂ ಹೇಗಿದೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ, ತಯಾರಾಗಿರಿ. ಅದು ದೇವಾಲಯ ನಿಂತಿದ್ದ ಕಟ್ಟೆಯ ಆಸರೆ ಗೋಡೆ, ದೇವಾಲಯದ ಗೋಡೆಯಲ್ಲ. ರೋಮಿನವರು ಮೇಲಿಂದ ಕೆಡವಿದ ಕಲ್ಲುಗಳ ರಾಶಿ ಅದರ ಬುಡದ ಬೀದಿಯಲ್ಲಿ ಇಂದಿಗೂ ಬಿದ್ದಿದೆ.

ಪ್ರಕಟಣೆಗೆ ಬಂದಾಗ ಮೃಗವನ್ನು ಮುಟ್ಟದೆ ಮೊದಲ ಮೂರು ಅಧ್ಯಾಯಗಳ ಮೇಲೆಯೇ ತಿಂಗಳುಗಟ್ಟಲೆ ಕೂತೆವು. ಏಳು ಸಭೆಗಳಿಗೆ ಬರೆದ ಕಾಗದ ಇದು, ಊರುಗಳ ಹೆಸರು ಸಮೇತ. ಪೆರ್ಗಮದಲ್ಲಿ ಸೈತಾನನ ಸಿಂಹಾಸನ. ರೋಮಿನ ಆಸ್ಯ ಪ್ರಾಂತದಲ್ಲಿ, ಅಂದರೆ ಇಂದಿನ ಟರ್ಕಿಯ ಪಶ್ಚಿಮ ಭಾಗದಲ್ಲಿ, ಚಕ್ರವರ್ತಿಗೆ ಮೊದಲು ಗುಡಿ ಕಟ್ಟಿದ ಊರು ಅದೇ. ಲವೊದಿಕೀಯ 60ರ ಭೂಕಂಪದಲ್ಲಿ ಬಿದ್ದು ರೋಮಿನ ಸಹಾಯ ಕೇಳದೆ ತಾನೇ ಕಟ್ಟಿಕೊಂಡಿತು ಎಂದು ರೋಮಿನ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ನನಗೆ ಯಾವುದರ ಕೊರತೆಯೂ ಇಲ್ಲ ಅನ್ನುವ ಸಭೆ ಇದ್ದದ್ದೂ ಅಲ್ಲೇ. 6ನೇ ಅಧ್ಯಾಯದಲ್ಲಿ ಒಂದು ದಿನದ ಕೂಲಿಗೆ ಒಂದು ಸೇರು ಗೋಧಿ, ಮೂರು ಸೇರು ಜವೆಗೋಧಿ ಎಂದು ಓದಿದಾಗ, ನಮ್ಮಲ್ಲಿ ಗಾರೆ ಕೆಲಸಕ್ಕೆ ಹೋಗುವ ತಮ್ಮನೊಬ್ಬ ಅಲ್ಲೇ ಲೆಕ್ಕ ಹಾಕಿದ. ಗೋಧಿ ಕೊಂಡರೆ ಅವನೊಬ್ಬನ ಹೊಟ್ಟೆಗೆ ಆಯಿತು, ಹೆಂಡತಿ ಮಕ್ಕಳಿದ್ದರೆ ಜವೆಯೇ ಗತಿ. ಬರಗಾಲದ ಕುದುರೆ ಯಾವುದೆಂದು ಆಮೇಲೆ ಯಾರೂ ಕೇಳಲಿಲ್ಲ.

ಮೃಗದ ಅಂಕಿಯಾದ 666ನ್ನು ಬದಿಗಿನ ಪ್ರಯೋಗವಾಗಿ ಇಟ್ಟೆ. ಇಬ್ರಿಯ (ಹೀಬ್ರೂ) ಅಕ್ಷರಗಳಿಗೆ ಒಂದೊಂದು ಅಂಕಿಯ ಬೆಲೆಯಿದೆ. ಕರಿಹಲಗೆಯ ಮೇಲೆ ರೋಮಿನ ಚಕ್ರವರ್ತಿ ನೀರೋವಿನ ಹೆಸರಾದ ನೀರೋನ್ ಕೈಸರ ಎಂಬುದರ ಬೆಲೆಗಳನ್ನು ಬರೆದೆ: 50, 200, 6, 50, ಮುಂದೆ 100, 60, 200. ಹೈಸ್ಕೂಲ್ ಹುಡುಗಿಯೊಬ್ಬಳು ಕೂಡಿಸಿ 666 ಎಂದಳು. ನೀರೋನ್ ಬದಲು ನೀರೋ ಎಂದು ಬರೆದರೆ ಕೊನೆಯ 50 ಬಿದ್ದು 616 ಆಗುತ್ತದೆ. ಕೆಲವು ಹಳೆಯ ಪ್ರತಿಗಳಲ್ಲಿ ಇರುವುದೂ 616. ಪುಸ್ತಕ ಬರೆದದ್ದು ನೀರೋ ಸತ್ತ ಎಷ್ಟೋ ವರ್ಷದ ಮೇಲೆ, ಚಕ್ರವರ್ತಿ ದೊಮಿಷಿಯನ್ನನ ಕೊನೆಗಾಲದಲ್ಲಿ ಎಂದು 2ನೇ ಶತಮಾನದ ಸಭಾಪಿತ ಐರೇನಿಯಸ್ ಹೇಳುತ್ತಾನೆ, ಅದನ್ನೂ ಮುಚ್ಚಿಡಲಿಲ್ಲ. ಸತ್ತ ನೀರೋನ ನೆರಳು ಆಗಲೂ ಆ ಸಭೆಗಳ ಮೇಲೆ ಇತ್ತು.

ಎರಡನೆಯ ಪ್ರಯೋಗ ದಾನಿಯೇಲ. ಕ್ಯಾಥೊಲಿಕ್ ಗೆಳೆಯರೊಬ್ಬರ ಸತ್ಯವೇದದಿಂದ ನಮ್ಮ ಸತ್ಯವೇದದಲ್ಲಿಲ್ಲದ ಮಕ್ಕಬಿಯರ ಮೊದಲ ಗ್ರಂಥ ತಂದು, ದಾನಿಯೇಲ 8 ಮತ್ತು 11ರ ಪಕ್ಕದಲ್ಲಿಟ್ಟು ಓದಿದೆವು. ಕ್ರಿಸ್ತಪೂರ್ವ 167ರಲ್ಲಿ ಸಿರಿಯದ ಗ್ರೀಕ್ ಅರಸ ನಾಲ್ಕನೆಯ ಅಂತಿಯೋಕಸ್ ಯೆರೂಸಲೇಮಿನ ದೇವಾಲಯದ ಯಜ್ಞವೇದಿಯನ್ನು ಹೊಲೆ ಮಾಡಿದ, 164ರಲ್ಲಿ ಅದು ಮತ್ತೆ ಪ್ರತಿಷ್ಠೆಯಾಯಿತು. ಆಮೇಲೆ ಒಂದು ಹೋಲಿಕೆ ತೋರಿಸಿದೆ: ದಾನಿಯೇಲನಿಗೆ ಪುಸ್ತಕಕ್ಕೆ ಮುದ್ರೆ ಹಾಕು ಎಂಬ ಅಪ್ಪಣೆ, ಪ್ರಕಟಣೆ ಬರೆದ ಯೋಹಾನನಿಗೆ ಮುದ್ರೆ ಹಾಕಬೇಡ, ಸಮಯ ಸಮೀಪವಾಗಿದೆ ಎಂಬ ಅಪ್ಪಣೆ. ಬಹಳ ದಿನಗಳ ಮಾತಿಗೆ ಮುದ್ರೆ ಇದ್ದ ಮೇಲೆ, ಸಮೀಪದ್ದು ಎಂದು ತೆರೆದಿಟ್ಟದ್ದನ್ನು ಎರಡು ಸಾವಿರ ವರ್ಷ ಆಚೆಗೆ ಎಳೆಯುವುದು ಯಾವ ನ್ಯಾಯ?

ಎಲ್ಲವೂ ಮುಗಿದುಹೋಯಿತು ಎಂದು ನಾನು ಕಲಿಸುವುದಿಲ್ಲ. ಪುನರುತ್ಥಾನ ಆಗಿಹೋಯಿತೆಂದ ಹುಮೆನಾಯ, ಫಿಲೇತರನ್ನು ಪೌಲನು ಖಂಡಿಸಿದ್ದಾನೆ, ಅಲ್ಲಿ ನಾನು ಗೆರೆ ಎಳೆಯುತ್ತೇನೆ. ಆ ದಿನವೂ ಗಳಿಗೆಯೂ ಯಾರಿಗೂ ತಿಳಿಯದು ಎಂಬ ವಾಕ್ಯವನ್ನು ಬರಲಿರುವುದಕ್ಕೇ ಬಿಟ್ಟಿದ್ದೇನೆ. ನಿಲ್ಲಿಸಿದ್ದ ಕಾಣಿಕೆ ಮತ್ತೆ ಬರತೊಡಗಿದ್ದು ಆ ಪಾಠಕ್ಕೆ ಅವರೇ ಬಂದು ಕೂತ ಮೇಲೆ. ಇನ್ನೊಂದು ಮನೆಯವರು ಲೋಕ ಮುಗಿಯುತ್ತದೆಂಬ ಭಯಕ್ಕೆ ಮಗಳ ಓದು ಬಿಡಿಸಿದ್ದರು. ಆಕೆ ಈಗ ನರ್ಸಿಂಗ್ ಎರಡನೇ ವರ್ಷ. ಇದಕ್ಕಾಗಿಯೇ ಇಷ್ಟು ದುಡಿದದ್ದು.

ಸದ್ಯ ಥೆಸಲೋನಿಕದವರಿಗೆ ಬರೆದ ಎರಡನೆಯ ಪತ್ರಿಕೆಯ 2ನೇ ಅಧ್ಯಾಯದಲ್ಲಿದ್ದೇವೆ, ಬಲು ಬಿಗಿಯಾದ ಗಂಟು. ದೇವರ ಆಲಯದಲ್ಲಿ ಕೂತುಕೊಳ್ಳುವ ಅಧರ್ಮಸ್ವರೂಪನ ಮಾತು ಅಲ್ಲಿದೆ. ಕ್ರಿಸ್ತಶಕ 40ರ ಸುಮಾರಿಗೆ ರೋಮಿನ ಚಕ್ರವರ್ತಿ ಕಲಿಗುಲ ತನ್ನ ವಿಗ್ರಹವನ್ನು ಯೆರೂಸಲೇಮಿನ ದೇವಾಲಯದಲ್ಲಿ ನಿಲ್ಲಿಸಲು ಅಪ್ಪಣೆ ಮಾಡಿದ್ದ, ನಿಲ್ಲಿಸುವ ಮೊದಲೇ ಸತ್ತ. ಪತ್ರಿಕೆ ಬಂದದ್ದು ಅದಾದ ಹತ್ತೇ ವರ್ಷಕ್ಕೆ. ಅಲ್ಲಿಂದ ಹಿಡಿದರೆ ದಾರಿ ಸಿಗಬಹುದು ಎಂದು ಹಾಳೆ ತಯಾರಿಸುತ್ತಿದ್ದೇನೆ. ಈ ಅಧ್ಯಾಯವನ್ನು ಮನೆಕೂಟದಲ್ಲಿ ಪೂರ್ತಿ ನಡೆಸಿದವರು ಯಾರಾದರೂ ಇದ್ದರೆ, ಆ ಅಧರ್ಮಸ್ವರೂಪನನ್ನು ತಡೆಯುವವನು ಎಂದು ಅಲ್ಲಿ ಹೇಳಿರುವುದು ಯಾರನ್ನು ಎಂದು ಜನ ಕೇಳಿದಾಗ ಏನು ಹೇಳಿದಿರಿ ಎಂದು ತಿಳಿಸಿ.