ಬೆಳದಿಂಗಳ ಊಟಕ್ಕೆ ತಾರಸಿಗೆ ಎರಡು ಸಲ ನೀರು

ಏಪ್ರಿಲ್ ಬಂತೆಂದರೆ ನಮ್ಮ ಮನೆ ಛತ್ರ. ಬೆಂಗಳೂರಿನಿಂದ ತಮ್ಮ, ಅವನ ಹೆಂಡತಿ, ಎರಡು ಮಕ್ಕಳು. ಮಂಡ್ಯದ ಕಡೆಯಿಂದ ನಾದಿನಿ ಮತ್ತು ಅವಳ ಮಗಳು. ಜೊತೆಗೆ ನಾವು ನಾಲ್ಕು ಜನ, ನಮ್ಮ ಅತ್ತೆ. ಮೈಸೂರಿನ ಸರಸ್ವತಿಪುರಂನ ಎರಡು ರೂಮಿನ ಮನೆಯಲ್ಲಿ ಇಷ್ಟೂ ಜನ ಸೇರಿ ಹನ್ನೊಂದು ಬೇಸಿಗೆ ಕಳೆದಿದ್ದೇವೆ. ಮೊದಲನೆಯದರಲ್ಲಿ ನಾನು ಪೂರ್ತಿ ಸೋತೆ.

ಆ ವರ್ಷ ಒಂದು ಪಟ್ಟಿ ಮಾಡಿಕೊಂಡಿದ್ದೆ. ಹತ್ತು ಗಂಟೆಗೆ ಮೃಗಾಲಯ, ಎರಡಕ್ಕೆ ಅರಮನೆ, ನಾಲ್ಕಕ್ಕೆ ದೇವರಾಜ ಮಾರುಕಟ್ಟೆ. ಮೃಗಾಲಯ 1892ರದ್ದು, ದೊಡ್ಡ ದೊಡ್ಡ ಮರಗಳಿವೆ, ನೆರಳಿರುತ್ತೆ ಅಂದುಕೊಂಡಿದ್ದೆ. ನೆರಳೇನೋ ಇತ್ತು. ಆದರೆ ಹನ್ನೆರಡು ಗಂಟೆ ಹೊತ್ತಿಗೆ ಹುಲಿ ಕೂಡ ಕಾಲು ಚಾಚಿ ಮಲಗಿತ್ತು. ಅದಕ್ಕೆ ಬುದ್ಧಿ ಇತ್ತು, ನಮಗಿರಲಿಲ್ಲ. ಸಣ್ಣವನು ಬಿಸಿಲಿಗೆ ವಾಂತಿ ಮಾಡಿಕೊಂಡ. ಅರಮನೆಯನ್ನು ಹೊರಗಿನಿಂದಲೇ ನೋಡಿ ಆಟೋ ಹತ್ತಿದೆವು.

ಸಂಜೆಗೆ ತಾರಸಿ ಮೇಲೆ ಪಾರ್ಟಿ ಇಟ್ಟುಕೊಂಡಿದ್ದೆ. ಅಡುಗೆ ಹೊರಗಿನವರಿಗೆ ಒಪ್ಪಿಸಿದ್ದೆ: ಪೂರಿ, ಪನೀರ್, ಪಲಾವ್, ಮೊಸರನ್ನ, ಜಾಮೂನು. ಅವರು ಮಧ್ಯಾಹ್ನವೇ ಮಾಡಿ ಸ್ಟೀಲ್ ಡಬ್ಬಿಗಳಲ್ಲಿ ಮುಚ್ಚಿಟ್ಟು ಹೋಗಿದ್ದರು. ಎಂಟು ಗಂಟೆಗೆ ತೆರೆದರೆ ಮೊಸರನ್ನ ಹುಳಿಹುಳಿ. ಇನ್ನು ತಾರಸಿ ಅಂತೂ ಕಾದ ಕಾವಲಿ. ಕೂತವರೆಲ್ಲ ಎದ್ದು ನಿಂತರು. ನಿಂತೇ ತಿಂದು, ಕೆಳಗಿಳಿದು, ಫ್ಯಾನಿನ ಕೆಳಗೆ ಬಿದ್ದುಕೊಂಡರು. ರಾತ್ರಿ ಅತ್ತೆ ಒಂದೇ ಮಾತು ಹೇಳಿದರು: "ನಮ್ಮ ಕಾಲದಲ್ಲಿ ಇದನ್ನೇ ಬೆಳದಿಂಗಳ ಊಟ ಅಂತಿದ್ವಿ. ಇಷ್ಟೊಂದು ರಂಪ ಇರ್ತಿರಲಿಲ್ಲಮ್ಮ."

ಆಮೇಲೆ ದಿನವನ್ನೇ ಎರಡು ಹೋಳು ಮಾಡಿದೆ. ಬೆಳಗ್ಗೆ ಐದೂವರೆಯಿಂದ ಒಂಬತ್ತೂವರೆ ಒಂದು, ಸಂಜೆ ಐದರಿಂದ ರಾತ್ರಿವರೆಗೆ ಇನ್ನೊಂದು. ನಡುವಿನ ಹೊತ್ತು ಮನೆಗೆ, ಚಾಪೆಗೆ, ಚೌಕಾಬಾರಕ್ಕೆ. ಯಾರೂ ಹೊರಗೆ ಹೋಗುವ ಮಾತೆತ್ತಬಾರದು.

ಬೆಳಗಿನ ಪಾಲು ಬೆಟ್ಟದ್ದು. ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲನ್ನು ಸೂರ್ಯ ಹುಟ್ಟುವ ಮೊದಲೇ ಶುರುಮಾಡಬೇಕು. ಹೆಗಲಿಗೊಂದು ಚೀಲ, ಅದರಲ್ಲಿ ಎರಡು ಬಾಟಲಿ ನೀರುಮಜ್ಜಿಗೆ. ಶುಂಠಿ, ಕರಿಬೇವು, ಇಂಗು, ಉಪ್ಪು ಹಾಕಿದ್ದು. ಮಕ್ಕಳು ಮೆಟ್ಟಿಲು ಎಣಿಸುತ್ತಾ ಹೋಗುತ್ತವೆ, ಮುನ್ನೂರರ ಹತ್ತಿರ ಲೆಕ್ಕ ತಪ್ಪಿ ಜಗಳ ಶುರುವಾಗುತ್ತೆ. ಜಗಳ ಮುಗಿಯುವಷ್ಟರಲ್ಲಿ ದೊಡ್ಡ ನಂದಿ ಬಂದಿರುತ್ತದೆ. ದೊಡ್ಡದೇವರಾಜ ಒಡೆಯರ ಕಾಲದಲ್ಲಿ, ಹದಿನೇಳನೇ ಶತಮಾನದಲ್ಲಿ ಕಡೆದ ನಂದಿ. ಮಜ್ಜಿಗೆ ಖಾಲಿಯಾಗುವುದು ಅಲ್ಲೇ. ಇಳಿದು ಬಂದು ನಜರ್‌ಬಾದಿನಲ್ಲಿ ಮೈಲಾರಿ ದೋಸೆ. ಮೆತ್ತಗಿನ ದೋಸೆ, ಮೇಲೆ ಬೆಣ್ಣೆ, ಜೊತೆಗೆ ಸಾಗು ಮತ್ತು ಕಾಯಿ ಚಟ್ನಿ. ಗರಿಗರಿ ಬೇಕು ಅನ್ನುವವರಿಗೆ ಇದು ಹಿಡಿಸಲ್ಲ. ನಮ್ಮ ತಮ್ಮನಿಗೂ ಹಿಡಿಸಲ್ಲ, ಆದರೂ ಮೂರು ತಿನ್ನುತ್ತಾನೆ.

ಮಧ್ಯಾಹ್ನ ಮನೆಯಲ್ಲಿ ಕೂತು ಬೇಜಾರು ಅಂದವರಿಗೆ ಒಂದೇ ಒಂದು ರಿಯಾಯಿತಿ, ಜಗನ್ಮೋಹನ ಅರಮನೆಯ ಚಿತ್ರಶಾಲೆ. ಬಿಸಿಲಿಲ್ಲ, ಗದ್ದಲ ಕಡಿಮೆ. ಅಲ್ಲಿ ದೀಪ ಹಿಡಿದ ಹೆಣ್ಣಿನ ಚಿತ್ರ ಇದೆಯಲ್ಲ, ಬೆರಳ ಸಂದಿಯಿಂದ ಬೆಳಕು ಬರುವುದು, ಅದನ್ನು ತುಂಬಾ ಜನ ರವಿವರ್ಮನದ್ದು ಅಂದುಕೊಳ್ಳುತ್ತಾರೆ. ನಾನೂ ಎಷ್ಟೋ ವರ್ಷ ಹಾಗೇ ಹೇಳಿಕೊಂಡು ತಿರುಗಿದ್ದೆ. ಬರೆದವರು ಎಸ್.ಎಲ್. ಹಲ್ದಣಕರ್, ಅದೂ ಜಲವರ್ಣದಲ್ಲಿ. ದೀಪ ಹಿಡಿದು ನಿಂತದ್ದು ಅವರ ಮಗಳು. ಇದನ್ನು ಹೇಳಿದ ಮೇಲೆ ತಮ್ಮನ ಮಗಳು ಹತ್ತು ನಿಮಿಷ ಅದರ ಮುಂದೆ ನಿಂತಿದ್ದಳು. "ಅತ್ತೆ, ಪಾಪ ಅವಳಿಗೆ ಕೈ ನೋಯ್ತಿರಲಿಲ್ವಾ?"

ಸಂಜೆಗೆ ಎರಡೇ ಕಡೆ. ಭಾನುವಾರವಾದರೆ ಅರಮನೆ. ಏಳು ಗಂಟೆಗೆ ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಹತ್ತುತ್ತವೆ. ಎಷ್ಟು ಸಲ ನೋಡಿದ್ದರೂ ಆ ಒಂದು ಕ್ಷಣ "ಹೋ" ಅಂತ ನನ್ನ ಬಾಯಿಂದಲೂ ಬರುತ್ತೆ. ಅದಕ್ಕೆ ಮುಂಚೆ ಚುರುಮುರಿ. ಬೇಸಿಗೆಯಲ್ಲಿ ಮಾವಿನಕಾಯಿ ತುರಿ ಹಾಕಿಸಿಕೊಳ್ಳಿ, ನಿಂಬೆಹಣ್ಣು ಬೇಡ ಅನ್ನಿ. ಇನ್ನೊಂದು ಕಡೆ ರಂಗಾಯಣ, ನಾಟಕದವರ ಜಾಗ. ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದ ಈ ಜಾಗದಲ್ಲಿ ಬೇಸಿಗೆ ರಜೆಗೆ ಚಿಣ್ಣರ ಮೇಳ ಅಂತ ಮಕ್ಕಳ ಶಿಬಿರ ನಡೆಯುತ್ತೆ. ಒಂದು ವರ್ಷ ನಾದಿನಿಯ ಮಗಳು ನಮ್ಮ ಮನೆಯಲ್ಲೇ ಇದ್ದು ಅಲ್ಲಿಗೆ ಹೋದಳು. ಕೊನೆಯ ನಾಟಕದಲ್ಲಿ ಅವಳದ್ದು ಮರದ ಪಾತ್ರ. ಮಾತೇ ಇಲ್ಲ. ಆದರೂ ನಾವು ಒಂಬತ್ತು ಜನ ಹೋಗಿ ಚಪ್ಪಾಳೆ ಹೊಡೆದು ಬಂದೆವು.

ಮೇಲುಕೋಟೆಗೂ ಒಂದು ಸಲ ಹೋಗಿದ್ದೆವು, ವೈರಮುಡಿಗೆ. ಮಂಡ್ಯದ ಖಜಾನೆಯಿಂದ ಪೊಲೀಸ್ ಕಾವಲಿನಲ್ಲಿ ಚೆಲುವನಾರಾಯಣನ ವೈರಮುಡಿ ಕಿರೀಟ ಬರುವುದು, ರಾತ್ರಿ ಉತ್ಸವ, ಎಲ್ಲ ನೋಡುವಂಥದ್ದೇ. ಮಕ್ಕಳನ್ನು ಕಟ್ಟಿಕೊಂಡು ಆ ಜನಜಂಗುಳಿಗೆ ಮಾತ್ರ ಇನ್ನೊಮ್ಮೆ ಹೋಗಲ್ಲ. ಸುಮ್ನೆ ಒಂದು ವಾರದ ದಿನ ಬೆಳಗ್ಗೆ ಹೋಗಿ, ಕಲ್ಯಾಣಿ ಮೆಟ್ಟಿಲ ಮೇಲೆ ಕೂತು ಪುಳಿಯೋಗರೆ ತಿಂದು ಬರುವುದೇ ನನಗೆ ಇಷ್ಟ.

ಇನ್ನು ಬೆಳದಿಂಗಳ ಊಟ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇದರಲ್ಲೇ ನಾನು ಜಾಸ್ತಿ ತಪ್ಪು ಮಾಡಿ ಕಲಿತದ್ದು.

ನಮ್ಮದು ವೈಶಾಖದ ಹುಣ್ಣಿಮೆಗೆ. ಚೈತ್ರದಲ್ಲೂ ಮಾಡಬಹುದು, ಆದರೆ ಆಗ ಸಿಗುವುದು ಮಾವಿನಕಾಯಿ. ಮೇ ತಿಂಗಳಿಗೆ ರಸಪುರಿ ಹಣ್ಣು ಬಂದಿರುತ್ತೆ. ದೇವರಾಜ ಮಾರುಕಟ್ಟೆಗೆ ಬೆಳಗ್ಗೆ ಹೋಗಿ, ತೊಟ್ಟಿನ ಹತ್ತಿರ ಮೂಸಿ ನೋಡಿ ತರುತ್ತೇನೆ. ಬಣ್ಣ ನಂಬಬೇಡಿ. ಹಣ್ಣನ್ನು ಒಂದು ಗಂಟೆ ನೀರಿನಲ್ಲಿ ನೆನೆಹಾಕಿ, ಹಿಂಡಿ ರಸ ತೆಗೆದು, ಏಲಕ್ಕಿ ಮತ್ತು ಬೆಲ್ಲ ಸೇರಿಸಿದರೆ ಸೀಕರಣೆ. ಹಾಲು ಕಾಯಿಸಿ ಆರಿಸಿದ್ದಿರಬೇಕು, ಬಡಿಸುವ ಹೊತ್ತಿಗೆ ಬೆರೆಸಬೇಕು. ಮೊದಲೇ ಬೆರೆಸಿಟ್ಟರೆ ಹುಳಿ ಹಣ್ಣಿಗೆ ಹಾಲು ಒಡೆಯುತ್ತೆ. ನನ್ನದು ಒಂದು ಸಲ ಒಡೆಯಿತು.

ಬೆಲ್ಲ ನಾದಿನಿ ತರುತ್ತಾಳೆ, ಅವರೂರ ಆಲೆಮನೆಯದ್ದು. "ಅತ್ತಿಗೆ, ಬೆಳ್ಳಗೆ ಹೊಳಿಯೋ ಬೆಲ್ಲ ತಗೋಬೇಡಿ, ಕಪ್ಪಗಿರೋದೇ ರುಚಿ" ಅಂತ ಪ್ರತಿ ವರ್ಷ ಪಾಠ. ಅದೇ ಬೆಲ್ಲದಲ್ಲಿ ಪಾನಕ. ಒಂದು ಲೀಟರ್ ನೀರಿಗೆ 150 ಗ್ರಾಂ ಬೆಲ್ಲ, ಒಂದು ನಿಂಬೆಹಣ್ಣು, ಚಿಟಿಕೆ ಮೆಣಸಿನ ಪುಡಿ, ಒಣಶುಂಠಿ, ಏಲಕ್ಕಿ. ಫ್ರಿಜ್ ಬೇಡ, ಮಣ್ಣಿನ ಹೂಜಿ ಸಾಕು. ಕೋಸಂಬರಿಗೆ ಹೆಸರುಬೇಳೆ ಒಂದು ಗಂಟೆ ನೆನೆದರೆ ಆಯಿತು. ಉಪ್ಪು ಮಾತ್ರ ಬಡಿಸುವ ಮುಂಚೆ. ಇಲ್ಲದಿದ್ದರೆ ಸೌತೆಕಾಯಿ ನೀರು ಬಿಟ್ಟು ಸಾರಾಗುತ್ತೆ.

ಮೊಸರನ್ನದ ಗುಟ್ಟು ಅತ್ತೆಯದ್ದು. ಮಧ್ಯಾಹ್ನ ಮೂರಕ್ಕೆ ಬಿಸಿ ಅನ್ನವನ್ನು ಹಾಲಿನಲ್ಲಿ ಮೆತ್ತಗೆ ಕಲಸಿ, ಆರಿದ ಮೇಲೆ ಎರಡೇ ಚಮಚ ಮೊಸರು ಹಾಕಿ ಮುಚ್ಚಿಡುವುದು. ಈ ಸೆಕೆಗೆ ಎಂಟು ಗಂಟೆಗೆ ಸರಿಯಾಗಿ ಹೆಪ್ಪಾಗಿರುತ್ತೆ, ಹುಳಿ ಇರಲ್ಲ. ಒಗ್ಗರಣೆ ಆಗ. ಇದರ ಜೊತೆ ಹುಳಿಯನ್ನ, ಅರಳು ಸಂಡಿಗೆ, ಬಾಳಕದ ಮೆಣಸಿನಕಾಯಿ. ಅಷ್ಟೇ. ನಾದಿನಿ ಮೊದಲ ಸಲ ಕೇಳಿದ್ದಳು, "ಇಷ್ಟೇನಾ ಅತ್ತಿಗೆ?" ತಿಂದಾದ ಮೇಲೆ ಕೇಳಲಿಲ್ಲ.

ತಾರಸಿಗೆ ಐದು ಗಂಟೆಗೆ ಒಂದು ಸಲ ನೀರು ಹೊಡೆಯಬೇಕು, ಆರೂವರೆಗೆ ಇನ್ನೊಂದು ಸಲ. ಮೊದಲನೇ ನೀರು ಹೊಗೆಯಾಡಿ ಹೋಗುತ್ತೆ. ಎರಡನೆಯದು ಆರಿದ ಮೇಲೆ ಚಾಪೆ ಹಾಸಿ. ಬಟ್ಟಲಲ್ಲಿ ಕೆಂಡ ಹಾಕಿ, ಮೇಲೆ ಬೇವಿನ ಸೊಪ್ಪು ಇಟ್ಟರೆ ಸೊಳ್ಳೆಗೆ ಸಾಕು. ಲೈಟು ಬೇಡವೇ ಬೇಡ. ಹುಣ್ಣಿಮೆ ಚಂದ್ರ ಸೂರ್ಯ ಮುಳುಗುವ ಹೊತ್ತಿಗೇ ಹುಟ್ಟಿದರೂ, ನಮ್ಮ ಎದುರು ಮನೆಯ ತೆಂಗಿನಮರ ದಾಟಿ ಬರಲು ಎಂಟಾಗುತ್ತೆ. ನಮ್ಮ ಊಟದ ಗಂಟೆ ಆ ಮರದ್ದು.

ತಟ್ಟೆ ಇಲ್ಲ. ಅತ್ತೆ ದೊಡ್ಡ ಬೇಸಿನ್ ಮುಂದೆ ಕೂರುತ್ತಾರೆ, ನಾವು ಸುತ್ತ. ಅವರು ಕಲಸಿ ಕಲಸಿ ಕೈಗೆ ತುತ್ತು ಹಾಕುತ್ತಾರೆ. ಐವತ್ತು ದಾಟಿದ ನನ್ನ ಗಂಡನೂ ಮಕ್ಕಳ ಸಾಲಿನಲ್ಲಿ ಕೈ ಒಡ್ಡುತ್ತಾರೆ. ಕೈತುತ್ತಿನಲ್ಲಿ ಯಾರು ಎಷ್ಟು ತಿಂದರು ಅಂತ ಲೆಕ್ಕ ಸಿಗಲ್ಲ, ಅದಕ್ಕೇ ಅಕ್ಕಿ ಒಂದು ಪಾವು ಜಾಸ್ತಿ ಹಾಕಿರುತ್ತೇನೆ.

ಹೋದ ವರ್ಷ ಎಲ್ಲ ಸಿದ್ಧ ಮಾಡಿ ಕೂತಿದ್ದೆವು. ಹುಳಿಯನ್ನ ಎರಡು ಸುತ್ತು ಆಗಿತ್ತು. ದಕ್ಷಿಣದಿಂದ ತಣ್ಣನೆ ಗಾಳಿ ಬಂತು, ಮಣ್ಣಿನ ವಾಸನೆ ಬಂತು. "ಮಳೆ ಬಂತು, ಏಳಿ" ಅಂತ ಅತ್ತೆ ಅನ್ನುವಷ್ಟರಲ್ಲಿ ದಪ್ಪ ದಪ್ಪ ಹನಿ. ತಮ್ಮ ಬೇಸಿನ್ ಎತ್ತಿಕೊಂಡ, ಮಕ್ಕಳು ಚಾಪೆ, ನಾನು ಸೀಕರಣೆ ಪಾತ್ರೆ. ತಾರಸಿಗೆ ಹತ್ತುವ ಮೆಟ್ಟಿಲ ಮೇಲೆ ಒಬ್ಬರ ಹಿಂದೆ ಒಬ್ಬರು ಕೂತೆವು. ಕರೆಂಟೂ ಹೋಯಿತು. ಮೊಸರನ್ನದ ಬೇಸಿನ್ ಮೇಲಿನ ಮೆಟ್ಟಿಲಲ್ಲಿ ಅತ್ತೆಯ ಮುಂದೆ. ತುತ್ತು ಕೈಯಿಂದ ಕೈಗೆ ಕೆಳಗಿಳಿಯುತ್ತಿತ್ತು, ಕೊನೆಯ ಮೆಟ್ಟಿಲಲ್ಲಿದ್ದ ತಮ್ಮ ಕೂಗುತ್ತಿದ್ದ: "ಅಕ್ಕಾ, ನನ್ನ ತುತ್ತು ಮಧ್ಯದಲ್ಲಿ ಯಾರೋ ತಿಂತಿದಾರೆ!"